ಮೂರು ಸಲ ಬೀಳಬಹುದು

ಏಳು ಹದಿನಾಲ್ಕರ ಫಾಸ್ಟ್‌ಗೆ
ಇಮ್ದಾದ್ ಫಕೀಹ್ ಕಲ್ಯಾಣದಲ್ಲೇ ಹತ್ತಿ
ಮೂರು ಕರ್ಚೀಪು ಹಾಸಿಟ್ಟಿರುತ್ತಾನೆ.
ಡೊಂಬಿವಲಿಯಲ್ಲಿ ಉಳಿದ ಮೂವರು.
ಹತ್ತುವ ಶ್ರಮ ನಮಗಿಲ್ಲ,
ಜನವೇ ಎತ್ತಿ ಒಳಗಿಡುತ್ತದೆ.

ಖಾಂಬೇಟೆ ಕಾಕಾ ಬ್ಯಾಂಕಿನ ಬ್ಯಾಗು ಮಡಿಲಿಗೆಳೆದು
ಮೂಗಿನ ತುದಿಗೆ ಕನ್ನಡಕ ಇಳಿಸುತ್ತಾರೆ.
ಹೋದ ವರ್ಷದ ತನಕ ಆ ಬ್ಯಾಗಿನ ಮೇಲೆ ರಮ್ಮಿ ನಡೆಯುತ್ತಿತ್ತು.
ಆಡುತ್ತಿದ್ದವರು ಒಬ್ಬೊಬ್ಬರೇ ರಿಟೈರಾದರು.
ಎಲೆ ಕಲಸುವ ಕೈ ಉಳಿದಿತ್ತು,
ಎತ್ತಿಕೊಳ್ಳುವ ಕೈಗಳಿರಲಿಲ್ಲ.
ಒಂದು ದಿನ ನಮ್ಮ ಪುಟ್ಟ ಪರದೆಗೆ ಬಗ್ಗಿ ಕೇಳಿದರು:
"ಇದಕ್ಕೆ ನಾಲ್ಕನೆಯವ ಬೇಕಾ?"
ನಿಮ್ಮ ಹೆಸರಲ್ಲೇ ಬೇಟೆ ಇದೆ ಕಾಕಾ, ಎಂದೆ.
ಕನ್ನಡದಲ್ಲಿ ಮಾತ್ರ ನಗು ಬರುವ ಮಾತು;
ನಾನೊಬ್ಬನೇ ನಕ್ಕೆ.

ಬೇಟೆಗೆ ಐವತ್ತು ನಿಮಿಷ ಗಡುವು.
ದಾದರಕ್ಕೂ ಅಷ್ಟೇ, ಸಿಗ್ನಲ್ ಕೈಕೊಡದಿದ್ದರೆ.
ಹೊರಡುವ ಮೊದಲು ಆಟದೊಳಗೂ ಉಣ್ಣಬೇಕು:
ಮಾಂಸದ ದೊಡ್ಡ ತುಂಡು, ಹೊಗೆಯಾಡುವ ಬಟ್ಟಲು.
ಪರದೆಯ ಹೊರಗೆ, ಪ್ರಾಂಜಲಿಯ ಡಬ್ಬಿಯಿಂದ
ತಲೆಗೊಂದು ಥಾಲಿಪೀಠದ ಚೂರು.

ಪ್ರಾಂಜಲಿ ಮ್ಹಾತ್ರೆ, ಹಲ್ಲಿನ ಡಾಕ್ಟರ ಸಹಾಯಕಿ.
ಬೆನ್ನಿಗೆ ತನಗಿಂತ ಉದ್ದದ ಕತ್ತಿ.
ಯಾವ ಕೋರೆ ಸಡಿಲ, ಬಾಲ ಎಲ್ಲಿ ಮೆತ್ತಗೆ,
ಥಾಣೆ ಬರುವ ಮೊದಲೇ ಹೇಳಿಬಿಡುತ್ತಾಳೆ.
ಇಮ್ದಾದ್ ಗುರಾಣಿ; ಮಾತು ಕಡಿಮೆ, ಸರಿಯುವುದೂ ಕಡಿಮೆ.
ಕಾಕಾರದು ಕಹಳೆ. ಊದಿದರೆ ನಮ್ಮ ಗಾಯ ಮಾಯುತ್ತದೆ.
ತಪ್ಪು ಸ್ವರ ಊದಿ ಎಷ್ಟೋ ಸಲ
ತಾವೇ ತುಳಿಸಿಕೊಂಡಿದ್ದಾರೆ.

ಲೆಕ್ಕ ಇಷ್ಟೇ: ಮೂರು ಸಲ ಬೀಳಬಹುದು,
ನಾಲ್ವರಿಗೂ ಸೇರಿ ಮೂರು.
ಯಾರು ಬಿದ್ದರೂ ಎಲ್ಲರದರಿಂದ ಕಡಿತ.
"ಜಾಯಿಂಟ್ ಅಕೌಂಟು," ಎಂದರು ಕಾಕಾ, ಮೊದಲ ದಿನವೇ
ಎರಡು ಖರ್ಚು ಮಾಡಿ.

ಮನೆಯಲ್ಲಿ ಒಬ್ಬನೇ ಆಡಿ ನೋಡಿದ್ದೇನೆ.
ಒಬ್ಬನೇ ಇದ್ದರೆ ಮೃಗ ನಿನ್ನನ್ನೇ ನೋಡುತ್ತದೆ,
ಸೀಸೆಯ ಬಿರಡೆ ತೆಗೆಯಲೂ ಬಿಡದೆ.
ನಾಲ್ವರಿದ್ದರೆ ಒಮ್ಮೆ ಅತ್ತ ತಿರುಗುತ್ತದೆ.
ಆ ಕುತ್ತಿಗೆ ತಿರುಗಿದ ಒಂದು ಉಸಿರಿನಲ್ಲಿ
ಮದ್ದು ಕುಡಿಯಬಹುದು, ಅಲಗು ಮಸೆಯಬಹುದು,
ಸುಮ್ಮನೆ ಕೂತೂ ಇರಬಹುದು.
ಜ್ವರ ಬಂದರೂ ಏಳು ಹದಿನಾಲ್ಕು ತಪ್ಪಿಸದೆ ಇರುವುದು
ಅದಕ್ಕೇ.

ಆ ಗುರುವಾರ ನನ್ನ ಅಂಗಿ ಜೇಬಿನಲ್ಲಿ
ಕಂಪನಿಯ ಮಡಿಸಿದ ಕಾಗದ.
ಪಾರಸಿಕ್ ಸುರಂಗದ ಕತ್ತಲಲ್ಲಿ ಒಮ್ಮೆ ಬಿದ್ದೆ,
ಮುಲುಂಡ್ ದಾಟುವಾಗ ಇನ್ನೊಮ್ಮೆ.
ಯಾರೂ ತಲೆ ಎತ್ತಲಿಲ್ಲ.
ಖಾತೆಯಲ್ಲಿ ಉಳಿದದ್ದು ಒಂದು.
ಮೃಗ ನನ್ನತ್ತ ನೆಲ ಕೆರೆಯಿತು.
ನೆಟ್ಟಗೆ ಓಡಲೂ ಬಾರದ ಕಾಕಾ
ಕಹಳೆ ಎತ್ತಿ ಊದಿದರು, ಈ ಸಲ ಬೇಕೆಂದೇ ತಪ್ಪಾಗಿ.
ಅದು ಅವರತ್ತ ಹೊರಳಿತು.
ಘಾಟ್ಕೋಪರ್. ಕೆನ್ನೆಗೆ ಯಾರದೋ ಬೆವರಿದ ತೋಳು.
ನಾನು ಮದ್ದು ಕುಡಿದೆ.

ಕುರ್ಲಾ ದಾಟಿ ಗಾಡಿ ನಿಂತಿತು. ಸಿಗ್ನಲ್ ಕೆಂಪು.
ಮೃಗ ಕುಂಟುತ್ತ ತನ್ನ ಗೂಡಿಗೆ ಹೋಗಿ ಮಲಗಿತು.
ನಾಲ್ವರೂ ಸುತ್ತ ನಿಂತೆವು.
ಅದರ ಪಕ್ಕೆ ಏಳುತ್ತಿತ್ತು, ಇಳಿಯುತ್ತಿತ್ತು,
ಎದುರು ಸೀಟಿನಲ್ಲಿ ಬಾಯಿ ತೆರೆದು ಒರಗಿದ
ರಾತ್ರಿಪಾಳಿಯವನ ಹಾಗೆ.
ಇನ್ನು ಆರು ನಿಮಿಷ. ಮೊದಲ ಏಟು ಯಾರದು?
ಇಮ್ದಾದ್ ಗುರಾಣಿ ಇಳಿಸಿದ.
ಪ್ರಾಂಜಲಿ ಮಸೆದ ಕತ್ತಿಯನ್ನೇ ಮತ್ತೆ ಮಸೆದಳು.
ಕಾಕಾ ಕನ್ನಡಕ ಒರೆಸಿಕೊಂಡರು.

ಗಾಡಿ ಸಣ್ಣಗೆ ಜಗ್ಗಿತು.
ದಾದರದವರು ಈಗಲೇ ಬಾಗಿಲಿಗೆ ಸರಿಯಬೇಕು;
ನಾವು ಏಳಲಿಲ್ಲ.
"ಏನು ಬರೆದಿದ್ದಾರೆ?" ಎಂದು ಕೇಳಿದರು ಕಾಕಾ,
ಪರದೆಯಿಂದ ಕಣ್ಣೆತ್ತದೆ,
ನನ್ನ ಜೇಬನ್ನು.